ಪಾತಿಯ ಸುತ್ತ ಹಳೆಯ ಹಂಚು

ಕೊಪ್ಪದಲ್ಲಿ ನಾವಿದ್ದ ಬಾಡಿಗೆ ಮನೆಯ ಮುಂದೆ ಹೂವಿನ ಪಾತಿಗಳಿಗೆ ಅಂಚು ಕಟ್ಟಿದವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಈಗ ಆ ಮನೆಯನ್ನು ನೋಡಿದವರೆಲ್ಲ ಅದರ ಒಡತಿಯನ್ನೇ ಹೊಗಳುತ್ತಾರೆ, ಅವಳೂ ನಗುತ್ತಾ ಹೊಗಳಿಸಿಕೊಳ್ಳುತ್ತಾಳೆ.

ಗಂಡ, ನಾನು, ನನ್ನ ಹೊಲಿಗೆ ಮೆಷಿನ್ನು, ಇಷ್ಟೇ ನಮ್ಮ ಸಂಸಾರ. ಒಡತಿ ಹಿಂದಿನ ಬೀದಿಯವಳು. ನನ್ನ ಬಾಯಲ್ಲಿ ಅಕ್ಕ. ಬಾಡಿಗೆಗೆ ಕರಾರುಪತ್ರ ಮಾಡಿಸೋಣ ಅಂತ ಗಂಡ ಹೇಳಿದಾಗ ಅವರ ಬಾಯಿ ಮುಚ್ಚಿಸಿದವಳೂ ನಾನೇ. ಮಳೆ ಹಿಡಿಯುವ ಮುಂಚೆ ನಮ್ಮ ಕಡೆಯ ಹೆಂಗಸರು ಡೇರೆ ಹೂವಿನ ಗೆಡ್ಡೆ ಹಂಚಿಕೊಳ್ಳುತ್ತೇವೆ. ಒಳ್ಳೆಯ ಬಣ್ಣದ್ದನ್ನು ಕಂಡಕಂಡವರಿಗೆಲ್ಲ ಕೊಡುವುದಿಲ್ಲ. ಅಕ್ಕ ತನ್ನ ಕಡುಗೆಂಪು ಡೇರೆಯ ಗೆಡ್ಡೆಯನ್ನೇ ನನಗೆ ಕೊಟ್ಟಿದ್ದಳು. ಅಂಥವಳ ಹತ್ತಿರ ಸಹಿ ಕೇಳುವುದುಂಟೇ ಅಂದುಕೊಂಡೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಅಂಚಿನ ಮಾತು ತೆಗೆದವಳು ಅವಳು. "ಹೂವೇನೋ ಚಂದ ಬಿಟ್ಟಿದೆ ಮಾರಾಯ್ತಿ, ಮಣ್ಣೆಲ್ಲ ಅಂಗಳಕ್ಕೆ ಹರ್ದು ಬರ್ತಿದೆ. ಒಂದು ಅಂಚು ಕಟ್ಟು, ಮನೆಗೊಂದು ಲಕ್ಷಣ ಬರುತ್ತೆ" ಅಂದಳು.

ಪೇಟೆಯ ದಿನಸಿ ಅಂಗಡಿಯ ಸಾಹೇಬರು ಗೋಡೌನಿಗೆ ಶೀಟು ಹಾಕಿಸಿ ಹಳೆಯ ಹಂಚುಗಳನ್ನು ರಾಶಿ ಹಾಕಿದ್ದರು. ಕೇಳಿದ್ದೇ ತಡ, ಆಟೋಗೆ ತುಂಬಿಸಿ ಕಳಿಸಿದರು. ಪಾತಿಯ ಸುತ್ತ ಕಿರಿದಾಗಿ ಅಗೆದು, ಹಂಚುಗಳನ್ನು ನಿಲ್ಲಿಸಿ ಅರ್ಧ ಹುಗಿದೆ. ಒಂದರ ತುದಿ ಇನ್ನೊಂದರ ಬೆನ್ನಿಗೆ ತಾಗುವ ಹಾಗಿಟ್ಟರೆ ಎಂಥ ಮಳೆಗೂ ಮಲಗುವುದಿಲ್ಲ. ಮೇಲೆ ಕಾವಿ ಬಳಿದು ಸುಣ್ಣದ ಗೆರೆ ಎಳೆದೆ. ಉಗುರೆಲ್ಲ ಮುರಿದು, ರವಿಕೆ ಹೊಲಿಯುವಾಗ ದಾರ ಸಿಕ್ಕಿಕೊಳ್ಳುತ್ತಿತ್ತು. ಆದರೇನು, ಹರಿಹರಪುರದ ಬಸ್ಸಿನಲ್ಲಿ ಹೋಗುವವರೂ ಕತ್ತು ಹೊರಳಿಸಿ ನೋಡುತ್ತಿದ್ದರು. ನಾನು ಹಿರಿಹಿರಿ ಹಿಗ್ಗಿದೆ.

ಅಕ್ಕ ಬಂದು ಮೊಬೈಲಿನಲ್ಲಿ ಫೋಟೋ ಹೊಡೆದಳು. "ಆ ಬಟ್ಟೆ ತಂತಿ ತೆಗಿ. ಹೊಲಿಗೆ ಬೋರ್ಡೂ ತೆಗ್ದಿಡು, ಮನೆ ಪೂರ್ತಿ ಬರ್ಲಿ" ಅಂದಳು. ನೆಂಟರಿಗೆ ತೋರಿಸುತ್ತಾಳೆ ಅಂತ ಓಡಿಹೋಗಿ ತೆಗೆದೆ.

ಕೆಲವು ದಿನ ಕಳೆದು, ಗಿಡಕ್ಕೆ ನೀರು ಹಾಕುತ್ತಿದ್ದಾಗ ಒಂದು ಕಾರು ನಿಂತಿತು. ಹೊರ ಊರಿನ ಗಂಡ ಹೆಂಡತಿ ಇಳಿದರು, ಜೊತೆಗೆ ಅಕ್ಕ.

"ಫೋಟೋದಲ್ಲಿ ಇರೋ ಹಾಗೇ ಇದೆ" ಅಂದಳು ಆ ಹೆಂಗಸು. "ರೂಮು ಯಾವಾಗಿಂದ ಸಿಗುತ್ತೆ?"

"ಮುಂದಿನ ತಿಂಗಳಿಂದ. ಹೋಂಸ್ಟೇ ಹೊಸದು, ಒಳಗೆ ಸ್ವಲ್ಪ ಖಾಲಿ ಮಾಡಿಸೋದಿದೆ" ಅಂದಳು ಅಕ್ಕ.

ಖಾಲಿ ಮಾಡಿಸಬೇಕಾದದ್ದು ನಮ್ಮನ್ನೇ ಅಂತ ತಿಳಿದು ಕೈಯ ಚೊಂಬು ಕೆಳಗಿಟ್ಟೆ. ಆ ಹೆಂಗಸು ನನ್ನತ್ತ ನೋಡಿ "ಇವ್ರು?" ಅಂದಳು.

"ಗಿಡದ ಕೆಲಸಕ್ಕೆ ಬರ್ತಾಳೆ" ಅಂದಳು ಅಕ್ಕ, ನನ್ನ ಮುಖವನ್ನೂ ನೋಡದೆ.

ಕಾರು ಹೋದ ಮೇಲೆ ಕೇಳಿದೆ, "ನಾವೆಲ್ಲಿಗೆ ಹೋಗೋದು ಅಕ್ಕ?"

"ಬೇಜಾರು ಮಾಡ್ಕಬೇಡ. ಈ ಮನೆ ಇಷ್ಟು ಚಂದ ಕಾಣುತ್ತೆ ಅಂತ ನಂಗೇ ಗೊತ್ತಿರ್ಲಿಲ್ಲ. ನೀನು ಅಂಚು ಕಟ್ಟಿದ್ಮೇಲೇ ಈ ಯೋಚನೆ ಬಂದದ್ದು."

ಹೊಗಳಿಕೆಯೆಂದೇ ಅಂದಳು. ಮನೆಯಿಂದ ನಮ್ಮನ್ನು ಹೊರಗೆ ಹಾಕುವ ಕೆಲಸವನ್ನು ನನ್ನ ಕೈಯಲ್ಲೇ ಮಾಡಿಸಿದ್ದಳು. "ನಂಬಿಸಿ ಕತ್ತು ಕುಯ್ದೆ" ಅಂದೆ, ಮುಖಕ್ಕೇ.

ಅವಳಿಗೆ ತಾಗಲೇ ಇಲ್ಲ. "ಹಂಗೆಲ್ಲ ಅನ್ಬೇಡ. ವಾರಕ್ಕೊಂದ್ಸಲ ಬಂದು ಗಿಡ ನೋಡ್ಕೋ, ನಿನ್ನ ಬಿಟ್ಟು ಬೇರೆಯವ್ರನ್ನ ಕರಿಯಲ್ಲ" ಅಂತ ಮೆಟ್ಟಿಲ ಮೇಲೆ ಕೂತು, "ಒಂದು ಲೋಟ ಕಾಫಿ ಕೊಡು" ಅಂದಳು.

ಕೊಡುವುದಿಲ್ಲ ಅಂದೆ. ಮನೆಗೆ ಬಂದವರಿಗೆ ಹಾಗೆ ಅಂದದ್ದು ನನ್ನ ಜನ್ಮದಲ್ಲಿ ಅದೊಂದೇ ಸಲ.

"ಯಾಕೆ, ಹಾಲಿಲ್ವಾ?" ಅಂದಳು, ನಿಜವಾಗಿಯೂ ಅರ್ಥವಾಗದೆ.

"ಹಾಲಿದೆ ಅಕ್ಕ" ಅಂದೆ, "ಮನೆ ಇಲ್ಲ."