ತೊಟ್ಟಿಲ ಮೀನು

ಮೀನು ತಿನ್ನದ ಮನೆಯಲ್ಲಿ ಹುಟ್ಟಿದ ನನಗೆ ಗಾಳದ ಹುಚ್ಚು ಹೇಗೆ ಹಿಡಿಯಿತು ಎಂದು ಕೇಳಿದರೆ ಹೇಳುವುದಕ್ಕೇ ನಾಚಿಕೆ. ಗಾಳ ಎಂದರೆ ಬರೀ ಕೊಕ್ಕೆಯಲ್ಲ. ದೊಡ್ಡ ಮೀನನ್ನು ಏಮಾರಿಸಲು ದಾರದ ತುದಿಗೆ ಕಟ್ಟುವ ಹುಸಿ ಮೀನು. ಮರದ್ದೋ ಹಿತ್ತಾಳೆಯದೋ ಇರುತ್ತದೆ, ಬಲ್ಲವರು ಲೂರ್ ಎನ್ನುತ್ತಾರೆ. ಗುಂಡ್ಲುಪೇಟೆಯಲ್ಲಿ ಊಟಿ ರಸ್ತೆಯ ಗುಜರಿ ಅಂಗಡಿಗೆ ಬೈಕಿನ ಸ್ಟ್ಯಾಂಡ್ ಹುಡುಕಿಕೊಂಡು ಹೋದವನಿಗೆ ಮೊದಲನೆಯದು ಸಿಕ್ಕಿತು. ಬೆಟ್ಟದ ಮೇಲಿನ ಎಸ್ಟೇಟ್ ಬಂಗಲೆಗಳ ಹಳೇ ಸಾಮಾನು ಬಂದು ಬೀಳುವ ಅಂಗಡಿ ಅದು. "ಬ್ರಿಟಿಷ್ ಕಾಲದ್ದು ಸಾರ್" ಎಂದು ಅಂಗಡಿಯವನು ಅಂದದ್ದೇ ಸಾಕಾಯಿತು. ಆಮೇಲೆ ಒಂದಲ್ಲ ಎರಡಲ್ಲ, ಚಾಮರಾಜನಗರದ ನಮ್ಮ ಮನೆಯ ಶೋಕೇಸಿನಿಂದ ಹೆಂಡತಿಯ ಗೊಂಬೆಗಳನ್ನೆಲ್ಲ ಇಳಿಸಿ ಇವನ್ನೇ ಸಾಲಾಗಿ ನಿಲ್ಲಿಸಿದೆ. "ತಿನ್ನೋ ಮೀನಲ್ಲ, ಸಾಕೋ ಮೀನಲ್ಲ, ಯಾವ ಸೀಮೆ ಮೀನು ಇದು" ಎಂದು ಅವಳು ಅಂದಾಗಲೆಲ್ಲ ರೇಗುತ್ತಿದ್ದೆ. ನನಗೆ ರೇಗುವುದು ಬೇಗ.

ಬದನಗುಪ್ಪೆಯ ಕಾರ್ಖಾನೆಯಲ್ಲಿ ನನ್ನ ಜೊತೆ ಕೆಲಸ ಮಾಡುವ ಗೆಳೆಯನೊಬ್ಬ ಉಮ್ಮತ್ತೂರಿನವನು. ಒಂದು ದಿನ ಊಟದ ಹೊತ್ತಿನಲ್ಲಿ ನನ್ನ ಮೊಬೈಲಿನ ಫೋಟೊ ನೋಡಿ, "ಇಂತದೊಂದ ನಮ್ ದೊಡ್ಡವ್ವನ ಮನೇಲಿ ತೊಟ್ಲಿಗೆ ಕಟ್ತಾರೆ ಕಣ್ಲಾ" ಎಂದ. ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಆ ಭಾನುವಾರವೇ ಅವನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೊರಟೆ.

ಅವನ ದೊಡ್ಡವ್ವನಿಗೆ ಎಂಬತ್ತು ದಾಟಿತ್ತು, ಕಣ್ಣು ಮಂಜಾಗಿತ್ತು. ಗೂಡಿನಲ್ಲಿದ್ದ ಬಟ್ಟೆಯ ಗಂಟು ಬಿಚ್ಚಿ ತೋರಿಸಿದರು. ಗೇಣುದ್ದದ ಮರದ ಮೀನು, ಗಾಜಿನ ಕಣ್ಣು, ಒಂದರಲ್ಲಿ ಸಣ್ಣ ಸೀಳು. ಮೈತುಂಬ ಅರಿಸಿನ, ಕುಂಕುಮ, ಕಾಡಿಗೆ ಮೆತ್ತಿ ಕಪ್ಪಗಾಗಿತ್ತು. "ನಮ್ಮಾವ ಒಳೇಲಿ ಮೀನಿಡಿಯೋ ಬಿಳಿ ದೊರೆಗಳ್ಗೆ ಅರಿಗೋಲು ಆಕ್ತಿದ್ದ ಕಣಪ್ಪ. ಒಬ್ಬ ದೊರೆ ಊರ್ಗೋಗೋವಾಗ ಇದ ಕೊಟ್ಬುಟ್ಟು ಓದ್ನಂತೆ. ಕೊಕ್ಕೆ ಕಿತ್ತಾಕಿ ತೊಟ್ಲಿಗೆ ಕಟ್ಟುದ್ರು. ಅವತ್ತಿಂದ ಈ ಮನೇಲಿ ಉಟ್ಟಿದ ಕೂಸ್ಗೆಲ್ಲ ಇದೇಯ."

ಫೋಟೊ ತೆಗೆಸಿ ಎಂಟು ದಿನದಲ್ಲಿ ತಂದುಕೊಡುತ್ತೇನೆ ಎಂದೆ. ಫೋಟೊ ಅಲ್ಲೇ ತೆಗೆಯಬಹುದಿತ್ತು, ಮೊಬೈಲು ಜೇಬಿನಲ್ಲೇ ಇತ್ತು. ಅಜ್ಜಿ ಸ್ವಲ್ಪ ಹಿಂದೆಮುಂದೆ ನೋಡಿದರು. "ಮೊಮ್ಮಗಳು ಬಸ್ರಿ, ತೊಟ್ಲು ಶಾಸ್ತ್ರುಕ್ಕೆ ಬೇಕಾಯ್ತದೆ" ಎಂದರು. ಅಷ್ಟು ದಿನ ಯಾಕೆ ಅಜ್ಜಿ, ಎಂಟೇ ದಿನ ಎಂದು ಮತ್ತೆ ಹೇಳಿದೆ. ಗೆಳೆಯನ ಮುಖ ನೋಡಿ ಕೊಟ್ಟರು.

ಎಂಟು ದಿನ ಐದು ತಿಂಗಳಾಯಿತು. ಆ ಐದು ತಿಂಗಳಲ್ಲಿ ನಾನು ಮಾಡಿದ್ದನ್ನು ಬರೆಯಲು ಕೈ ಹಿಂಜರಿಯುತ್ತದೆ, ಆದರೂ ಬರೆಯುತ್ತೇನೆ. ಹಳೇ ಗಾಳಗಳ ಹುಚ್ಚಿನವರದ್ದೊಂದು ವಾಟ್ಸಾಪ್ ಗುಂಪಿದೆ. ಅವರ ಮುಂದೆ ಮೆರೆಯಬೇಕಿತ್ತು ನನಗೆ. ಥಿನ್ನರಿನಲ್ಲಿ ಅದ್ದಿ ಆ ಕಪ್ಪನ್ನೆಲ್ಲ ತೆಗೆದೆ. ಬಾಲದ ಹತ್ತಿರ ಸಣ್ಣಸಣ್ಣ ಗುಳಿಗಳಿದ್ದವು. ಮರದ ಸಂದಿಗೆ ಮೆತ್ತುವ ಪುಟ್ಟಿ ತುಂಬಿ, ಉಪ್ಪುಕಾಗದದಲ್ಲಿ ಉಜ್ಜಿ, ಎದ್ದ ಪುಡಿಯನ್ನು ಬಾಯಲ್ಲಿ ಊದಿ ನಯ ಮಾಡಿದೆ. ಬೆನ್ನಿಗೆ ಹಸಿರು, ಹೊಟ್ಟೆಗೆ ಹಳದಿ ಬಳಿದೆ. ಹೊಸ ಕೊಕ್ಕೆ ತರಿಸಿ ಮೂರು ಕಡೆ ಸಿಕ್ಕಿಸಿದೆ. ಫೋಟೊ ಹಾಕಿದರೆ ಗುಂಪಿನ ಹಿರಿಯರೊಬ್ಬರು, "ಹಳೆಯದನ್ನು ಕೊಂದುಬಿಟ್ಟಿರಲ್ಲ ಸ್ವಾಮಿ" ಎಂದು ಬರೆದರು. ಸಿಟ್ಟು ಬಂದು ಗುಂಪನ್ನೇ ಬಿಟ್ಟೆ. ಮೀನನ್ನು ಮಾತ್ರ ಶೋಕೇಸಿನ ನಡುವೆ ಇಟ್ಟುಕೊಂಡೆ.

"ಮೊಮ್ಮಗ್ಳಿಗೆ ಗಂಡು ಕೂಸಾಯ್ತು. ದೊಡ್ಡವ್ವ ಮೀನು ಕೇಳ್ತಾವ್ಳೆ ಕಣ್ಲಾ" ಎಂದು ಗೆಳೆಯ ಬಂದು ಹೇಳಿದಾಗ, "ನಾನೇನು ನುಂಗಿಬಿಟ್ಟಿದ್ದೀನಾ" ಎಂದು ಅವನ ಮೇಲೇ ಹಾರಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಜಾತಿ ನಾನು. ಕೊಕ್ಕೆ ಬಿಚ್ಚಿ, ತೊಟ್ಟಿಲು ಶಾಸ್ತ್ರದ ಬೆಳಿಗ್ಗೆಯೇ ತೆಗೆದುಕೊಂಡು ಹೋದೆ. ಹೊಸದರ ಹಾಗೆ ಮಾಡಿಕೊಟ್ಟಿದ್ದೇನೆ, ಖುಷಿಪಡುತ್ತಾರೆ ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ.

ಅಜ್ಜಿ ಎರಡೂ ಕೈಯಲ್ಲಿ ಇಸಿದುಕೊಂಡರು. ಮಂಜುಗಣ್ಣಿಗೆ ಬಣ್ಣ ಕಂಡಿತೋ ಇಲ್ಲವೋ, ಹೆಬ್ಬೆರಳು ನೇರ ಬಾಲದ ಹತ್ತಿರ ಹೋಯಿತು. ಅಲ್ಲೇ ಸವರಿದರು, ತಿರುಗಿಸಿ ಮತ್ತೆ ಸವರಿದರು.

"ಇದು ನಮ್ದಲ್ಲ ಕಣ್ ಮಗ."

ಸುತ್ತ ಹೆಂಗಸರಿದ್ದರು.

"ನಮ್ದುಕ್ಕೆ ಇಲ್ಲಿ ಕೂಸ್ಗೊಳ್ ಅಲ್ಲಿನ್ ಗುರ್ತು ಅದೆ. ಅಲ್ಲು ಬರೋವಾಗ ಎಲ್ಲ ಕೂಸ್ಗೊಳೂ ಇದ್ನೇ ಕಡ್ದವೆ. ನನ್ ನಡುಕ್ಲ ಮಗ ಒಂದೊರ್ಸುಕ್ಕೆ ತೀರೋಗ್ಬುಟ್ಟ. ಕೆಳ್ಗಡೆ ಎಲ್ಡೇ ಅಲ್ಲು ಬಂದಿದ್ದೊ. ಅವ್ನದು ಒಂದ್ ಪಟ ಇಲ್ಲ, ಏನಿಲ್ಲ. ಬೆರಳಿಟ್ರೆ ಆ ಎಲ್ಡು ಸಿಕ್ತಿದ್ದೊ." ಮೀನನ್ನು ನನ್ನ ಕೈಗೇ ವಾಪಸ್ಸು ಇಟ್ಟರು. "ನಿನ್ ತಾವ ಇಂತವು ಬಾಳ ಅವೆ ಅಂತಲ್ಲ. ಅದ್ಲುಬದ್ಲಾಗಿರ್ಬೇಕು ಬುಡು. ಮನೇಲಿ ಉಡುಕು. ಬೇಜಾರ್ ಮಾಡ್ಕಬ್ಯಾಡ."

ನನಗೇ ಸಮಾಧಾನ ಹೇಳುತ್ತಿದ್ದರು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಆಗಲೇ ಬಾಯಿಬಿಟ್ಟು ಹೇಳಿದ್ದರೆ ಸ್ವಲ್ಪವಾದರೂ ಮನುಷ್ಯನಾಗುತ್ತಿದ್ದೆ. "ಹುಡುಕ್ತೀನಿ ಅಜ್ಜಿ" ಎಂದೆ. ತೊಟ್ಟಿಲಿಗೆ ಯಾರೋ ಪ್ಲಾಸ್ಟಿಕ್ಕಿನ ಗಿಲಕಿ ಕಟ್ಟಿದರು. ಪಾಯಸ ಬಡಿಸಿದರು. ಅದನ್ನೂ ತಿಂದು ಬಂದೆ.

ಮನೆಗೆ ಬಂದು, ಹಲ್ಲಿನ ಗುರುತಿದ್ದ ಆ ಬಾಲವನ್ನು ಟಾರ್ಚ್ ಹಿಡಿದು ನೋಡಿದೆ. ಸೂಜಿಯಲ್ಲಿ ಪುಟ್ಟಿ ಕೆದಕಲು ಹೋದೆ. ಕೆದಕಿದಷ್ಟೂ ಬಂದದ್ದು ನನ್ನ ಸೂಜಿಯ ಗುರುತು. ಹೆಂಡತಿಗೆ ಎಲ್ಲ ಹೇಳಿದೆ. ಯಾವತ್ತೂ ಆಡಿಕೊಳ್ಳುವವಳು ಅವತ್ತು ಎದ್ದು ಹೋಗಿ ಶೋಕೇಸಿನ ಬಾಗಿಲು ಹಾಕಿದಳು. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಹದಿನೈದು ದಿನ ಒದ್ದಾಡಿ, ತಪ್ಪೊಪ್ಪಿಕೊಳ್ಳಲೇಬೇಕು ಎಂದು ಒಬ್ಬನೇ ಉಮ್ಮತ್ತೂರಿಗೆ ಹೋದೆ. ಮೊಮ್ಮಗಳು ಜಗುಲಿಯಲ್ಲಿ ಕೂಸನ್ನು ಮಡಿಲಲ್ಲಿ ಹಾಕಿಕೊಂಡು ಕೂತಿದ್ದಳು. ಮೊದಲು ಅವಳಿಗೇ ಹೇಳಿದೆ. ಅವಳು ತಲೆ ಎತ್ತಲಿಲ್ಲ.

"ನಂಗೆ ಅವತ್ತೇ ಗೊತ್ತಾಯ್ತು ಅಣ್ಣ. ಒಂದ್ ಕಣ್ಣಿನ ಗಾಜು ಸೀಳಿತ್ತಲ್ಲ, ಅದು ಅಂಗೇ ಇತ್ತು."

"ಅಜ್ಜಿ ಕಾಲಿಗೆ ಬಿದ್ದು ಹೇಳಿಬಿಡ್ತೀನಿ ಕಣವ್ವ."

"ಬ್ಯಾಡಿ." ಈಗ ತಲೆ ಎತ್ತಿದಳು. "ಎಲ್ಲೋ ಅದೆ ಅನ್ಕಂಡವ್ರೆ, ಅನ್ಕಂಡೇ ಇರ್ಲಿ. ನಿಮ್ಗೆ ಅಗುರಾಗ್ಲಿ ಅಂತ ಅವ್ರ ತಲೆ ಮ್ಯಾಲೆ ಯಾಕ್ ಆಕೀರಿ? ನೀವೇ ಒತ್ಕಳಿ."

ಎದ್ದು ಹೊರಡುವಷ್ಟರಲ್ಲಿ ಒಳಗಿನಿಂದ ಅಜ್ಜಿಯ ದನಿ ಬಂತು. "ಯಾರವ್ವ ಅದು? ಮೀನಿನ್ ಉಡುಗ್ನಾ? ಸಿಕ್ತಾ ಮಗ?"

ಮೊಮ್ಮಗಳು ನನ್ನನ್ನೇ ನೋಡುತ್ತಿದ್ದಳು.

"ಇನ್ನೂ ಇಲ್ಲ ಅಜ್ಜಿ. ಹುಡುಕ್ತಾ ಇದ್ದೀನಿ."

"ಎಲ್ಲೋಯ್ತದೆ ಬುಡು, ಸಿಕ್ತದೆ. ಕೂತ್ಕೊ, ಮಜ್ಗೆ ಕುಡ್ದು ಓಗು."

ಕುಡಿದು ಬಂದೆ. ಈಗಲೂ ತಿಂಗಳಿಗೊಮ್ಮೆ ಹೋಗಿ, ಸಿಕ್ಕಿಲ್ಲ ಅಜ್ಜಿ ಎಂದು ಹೇಳಿ ಬರುತ್ತೇನೆ.