ದೋಸೆಹಿಟ್ಟಿನ ಲೆಕ್ಕ

ಮಾರೇನಹಳ್ಳಿಯ ಒಂದೇ ಕೋಣೆಯಲ್ಲಿ ದೋಸೆಹಿಟ್ಟು ಮಾರುತ್ತ ನಮಗೆ ಗಣಿತ ಹೇಳಿಕೊಡುತ್ತಿದ್ದ ಮಿಸ್ ದಿನವೂ ಇದನ್ನೇ ಕೇಳುತ್ತಿದ್ದರು.

"ಹಿಟ್ಟು ಗಂಟೆಗೊಂದ್ಸಲ ಡಬಲ್ ಆಗತ್ತೆ. ಆರಕ್ಕೆ ಪಾತ್ರೆ ತುಂಬ್ತು. ಅರ್ಧ ಇದ್ದಿದ್ದು ಯಾವಾಗ?"

"ಮೂರಕ್ಕೆ, ಮಿಸ್!"

"ಅಯ್ಯೋ, ಐದಕ್ಕೆ ಕಣ್ರೋ! ಆಮೇಲೆ ಡಬಲ್ ಆದ್ರೆ ಫುಲ್ ಅಲ್ವಾ?"

ಒಂದು ಬೇಸಿಗೆಯಲ್ಲಿ ಅವರಿಗೆ ಮದುವೆಮನೆಯ ಮೊದಲ ಆರ್ಡರ್ ಬಂತು. ಸಂಜೆ ಐದಕ್ಕೆ ಹಿಟ್ಟು ಅರ್ಧ ಪಾತ್ರೆಯಿತ್ತು.

"ಬೇರೆ ಪಾತ್ರೆಗೆ ಸುರೀಲಾ ಮಿಸ್?" ಎಂದು ಯಾರೋ ಕೇಳಿದರು.

"ಇನ್ನೂ ಅರ್ಧ ಖಾಲಿ ಇದೆ, ಕೂತ್ಕೊಳೋ."

ಆರೂಕಾಲಿಗೆ ಆರ್ಡರಿನ ಹಿಟ್ಟು ಉಕ್ಕಿ ನಮ್ಮ ಪುಸ್ತಕಗಳ ಮೇಲೆ ಹರಿಯುತ್ತಿತ್ತು. ಮಿಸ್ ನೆಲ ಒರೆಸುತ್ತಲೇ ಕೇಳಿದರು, "ಈಗ ಬರೀರಿ. ಅರ್ಧ ಇದ್ದಿದ್ದು ಯಾವಾಗ?"

ನಾನೊಬ್ಬನೇ "ಐದು" ಎಂದು ಬರೆದ ನೆನಪು. ಹಿಟ್ಟಂಟಿದ ನನ್ನ ನೋಟ್‌ಬುಕ್ಕಿನಲ್ಲಿ "ಮೂರು" ಎಂದಿದೆ.