ಗೋಡೆಯಾಚೆಗೂ ಕೇಳುವ ಫ್ಯಾನು

ನನ್ನ ಹಳೆಯ ಕಂಪ್ಯೂಟರಿನ ಹೊಟ್ಟೆಯಲ್ಲಿ ಅಂಗೈಯಗಲದ ಫ್ಯಾನೊಂದಿದೆ. ಕೆಲಸ ಹೆಚ್ಚಾದಾಗ ಅದು ಗುಂಯ್‌ಗುಡುವುದನ್ನು ಕೇಳಿ, ಮಿಕ್ಸಿ ತಿರುಗುತ್ತಿದೆ ಎಂದುಕೊಂಡು ನೀವು ಚಟ್ನಿಗೆ ಕಾದು ಕುಳಿತರೆ ತಪ್ಪು ನನ್ನದಲ್ಲ. ಠಾಣೆ ಹತ್ತಿರದ ದಿವಾದಲ್ಲಿ, ಸಾಲುಕೋಣೆಗಳ ಚಾಳಿನ ಈ ಕೋಣೆಯ ಬೀಗವನ್ನು ಸಂಜೆ ತೆಗೆದಾಗ "ಬಂದೆಯಾ?" ಎನ್ನುವವರು ಯಾರೂ ಇಲ್ಲ, ಇರುವುದು ಆ ಸದ್ದೊಂದೇ.

ನಾನು ಎಂ.ಎಸ್ಸಿ.ಯಲ್ಲಿ ಓದುತ್ತಿರುವುದು ಗಣನಾ ವಿಜ್ಞಾನ. ಕಾರ್ಕಳದಲ್ಲಿರುವ ಅಮ್ಮ ಅದನ್ನು "ಕಂಪ್ಯೂಟರ್ ಕಲಿಯುವುದು" ಎಂದು ಚಿಕ್ಕದು ಮಾಡಿದ್ದಾಳೆ, ನಾನೂ ತಿದ್ದಲು ಹೋಗಿಲ್ಲ. ಠಾಣೆ ಖಾಡಿಯ ಹಿನ್ನೀರಿನ ನಕ್ಷೆಯನ್ನು ಪುಟ್ಟ ಚೌಕಗಳ ಜಾಲರಿಯಾಗಿ ಕತ್ತರಿಸಿ, ಉಬ್ಬರವಿಳಿತದಲ್ಲಿ ಒಂದೊಂದು ಚೌಕಕ್ಕೆ ಎಷ್ಟು ನೀರು ಬಂತು, ಎಷ್ಟು ಹೋಯಿತು ಎಂದು ಯಂತ್ರದಿಂದ ಲೆಕ್ಕ ಹಾಕಿಸುವುದು ನನ್ನ ಕೆಲಸ. ಚೌಕ ಚಿಕ್ಕದಾದಷ್ಟೂ ಲೆಕ್ಕ ಲಂಬಿಸುತ್ತದೆ. ಲೋಕಲ್ ರೈಲಿನಲ್ಲಿ ಊರವರ ಬೆವರೆಲ್ಲ ಮೈಗೆ ಅಂಟಿದರೂ ಯಾರೊಬ್ಬರ ಮಾತೂ ಜೊತೆಗೆ ಮನೆಗೆ ಬರುವುದಿಲ್ಲ ನೋಡಿ. ಹಾಗಾಗಿ ಒಂದು ಉಪಾಯ ಹೂಡಿದ್ದೆ. ಬೆಳಿಗ್ಗೆ ಹೊರಡುವಾಗ ಬೇಕಾದ್ದಕ್ಕಿಂತ ಚಿಕ್ಕ ಚೌಕಗಳನ್ನು ಕೊಟ್ಟುಹೋದರೆ ನಾನು ಮರಳುವವರೆಗೂ ಲೆಕ್ಕ ಮುಗಿಯುತ್ತಿರಲಿಲ್ಲ, ಮನೆಯಲ್ಲಿ ಯಾರೋ ಕಾದಿದ್ದಂತಿರುತ್ತಿತ್ತು.

ಘಣಸೋಲಿಯ ಕಾಲೇಜಿನಲ್ಲಿ ನನ್ನ ಮಾರ್ಗದರ್ಶಕರಾದ, ಮರಾಠಿ ಮಾತಾಡುವ ಮೇಷ್ಟ್ರು ಇದನ್ನು ಹಿಡಿದುಬಿಟ್ಟರು. "ಎವ್ಢೀ ಬಾರೀಕ್ ಜಾಳೀ ಕಶಾಲಾ?" ಇಷ್ಟು ಸಣ್ಣ ಜಾಲರಿ ಏತಕ್ಕೆ, ದೊಡ್ಡ ಚೌಕಕ್ಕೂ ಇದೇ ಉತ್ತರ ಬರುತ್ತದಲ್ಲ ಎಂದರು. ಒಂಟಿತನಕ್ಕೆ ಸರ್, ಎನ್ನಲು ನಾಲಿಗೆ ಏಳಲಿಲ್ಲ. ನಿಖರತೆಗೆ ಎಂದೆ. ಮರುದಿನ ದೊಡ್ಡ ಚೌಕಗಳನ್ನೇ ಕೊಟ್ಟುಹೋದೆ.

ಸಂಜೆ ಬಾಗಿಲು ತೆರೆದರೆ ಲೆಕ್ಕ ಯಾವಾಗಲೋ ಮುಗಿದು ಕೋಣೆ ಬಿಕೋ ಎನ್ನುತ್ತಿತ್ತು. ಚಪ್ಪಲಿಯನ್ನೂ ಬಿಡದೆ ಹೊಸ್ತಿಲಲ್ಲೇ ನಿಂತೆ; ಅಳು ಬಂತು, ಸುಳ್ಳೇಕೆ ಹೇಳಲಿ. ಆಗ ಪಕ್ಕದ ಕೋಣೆಯ ಮಲ್ಲಮ್ಮ ಹೊರಬಂದಳು. ವಿಜಯಪುರದ ಕಡೆಯವಳು, ಗಂಡ ಲೋಡಿಂಗ್ ಕೆಲಸಕ್ಕೆ ಹೋದರೆ ದಿನವೆಲ್ಲ ಒಬ್ಬಳೇ. ಅದುವರೆಗೆ ನಾವು ಮುಖ ನೋಡಿ ನಕ್ಕಿದ್ದಷ್ಟೇ.

"ಅಕ್ಕಾರ, ನಿಮ್ಮ ಮಷೀನ ಕೆಟ್ಟೈತೇನ್ರಿ? ಮಧ್ಯಾಹ್ನದಿಂದ ಸಪ್ಪಳಾನ ಇಲ್ಲ. ನಾ ದಿನಾ ಆ ಗ್ವಾಡಿಗೆ ಬೆನ್ನ ಹಚ್ಚಿ ಕುಂದರ್ತೀನ್ರಿ. ಬಾಜೂಕ ಯಾರೋ ಅದಾರ ಅನ್ನಿಸ್ತೈತಿ."

"ಕೆಟ್ಟದ್ದಲ್ಲ ಮಾರಾಯ್ರೆ, ಅದರ ಕೆಲಸ ಬೇಗ ಆಯ್ತು. ಒಳಗೆ ಬನ್ನಿ, ಚಾ ಮಾಡ್ತೇನೆ."

ಅವಳು ಗೋಡೆಯ ಈ ಬದಿಗೆ ಬೆನ್ನು ಕೊಟ್ಟು ಕುಳಿತು ಚಾ ಕುಡಿದಳು. ಖಾಡಿಯ ಯಾವ ಚೌಕದಿಂದ ಯಾವ ಚೌಕಕ್ಕೆ ಎಷ್ಟು ನೀರು ದಾಟಿತೆಂದು ಹೇಳಬಲ್ಲ ನನಗೆ, ನನ್ನ ಗೋಡೆಯನ್ನು ದಾಟಿ ಏನು ಹೋಗುತ್ತಿದೆ ಎಂಬುದೇ ತಿಳಿದಿರಲಿಲ್ಲ.

ಮರುದಿನ ಬೆಳಿಗ್ಗೆ ಮತ್ತೆ ಚಿಕ್ಕ ಚೌಕಗಳನ್ನೇ ಕೊಟ್ಟೆ. ಫ್ಯಾನು ಗುಂಯ್ ಎಂದಿತು, ನಾನು ಬೀಗ ಹಾಕಿ ಹೊರಟೆ. ಮೇಷ್ಟ್ರು ಇನ್ನೊಮ್ಮೆ ಕೇಳಿದರೆ ನಿಖರತೆಗೆ ಎನ್ನುವುದಿಲ್ಲ. ಪಕ್ಕದ ಮನೆಯಲ್ಲಿ ಮಲ್ಲಮ್ಮ ಒಬ್ಬಳೇ ಇರುತ್ತಾಳೆ ಸರ್, ಎನ್ನುತ್ತೇನೆ.